ಹೊಳೆಗೆ ಮೀನು ಬಿಡುವ ಪುಣ್ಯ

ಕೆಲವು ವರ್ಷಗಳ ಹಿಂದೆ, ಮಳೆಗಾಲ ಹಿಂದೆಗೆಯುತ್ತಿದ್ದ ಒಂದು ಭಾನುವಾರ, ಕುಶಾಲನಗರದ ಬಳಿ ಕಾವೇರಿಯ ದಡದಲ್ಲಿ ನಡೆದ ಸಮಾರಂಭವೊಂದಕ್ಕೆ ನಾನು ಮುಖ್ಯ ಅತಿಥಿಯಾಗಿ ಹೋಗಿದ್ದೆ. ಕನ್ನಡ ಮೇಷ್ಟರನ್ನು ಮುಖ್ಯ ಅತಿಥಿಯಾಗಿ ಕರೆಯುವುದಕ್ಕೆ ನಮ್ಮ ಕಡೆ ವಿಶೇಷ ಕಾರಣವೇನೂ ಬೇಕಿಲ್ಲ. ಕರೆದರೆ ಬರುತ್ತಾನೆ, ಕೊಟ್ಟ ವಿಷಯದ ಮೇಲೆ ಅರ್ಧ ಗಂಟೆ ಮಾತನಾಡುತ್ತಾನೆ, ಬಸ್ಸಿನ ಖರ್ಚು ಕೇಳುವುದಿಲ್ಲ. ಅಂದಿನ ವಿಷಯ ಹೊಳೆಗೆ ಮೀನುಮರಿ ಬಿಡುವುದು. ದಡದ ಮೇಲೆ ಸಾಲಾಗಿ ಪ್ಲಾಸ್ಟಿಕ್ ಚೀಲಗಳು. ಒಂದೊಂದರಲ್ಲೂ ಅರ್ಧ ನೀರು, ಅರ್ಧ ಆಮ್ಲಜನಕ, ನಡುವೆ ಬೆರಳುದ್ದದ ಮರಿಗಳು. ಯಾರೋ ಭಕ್ತರು ಚೀಲಗಳಿಗೂ ಅರಿಸಿನ ಕುಂಕುಮ ಹಚ್ಚಿದ್ದರು. ಪ್ರಾರ್ಥನೆ, ಸ್ವಾಗತ, ಶಾಲು, ಹಾರ ಎಲ್ಲವೂ ಯಥಾಕ್ರಮವಾಗಿ ನಡೆದವು.

ನಾನು ಏನು ಮಾತನಾಡಿದೆನೆಂಬುದನ್ನು ಈಗ ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳುತ್ತೇನೆ, ಏಕೆಂದರೆ ಈ ಲೇಖನದಲ್ಲಿ ಬೈಸಿಕೊಳ್ಳಬೇಕಾದವರ ಪೈಕಿ ಮೊದಲನೆಯವನು ನಾನೇ. ದಶಾವತಾರಗಳಲ್ಲಿ ಮೊದಲನೆಯದು ಮತ್ಸ್ಯ, ಜೀವವಿಕಾಸದಲ್ಲಿಯೂ ಮೊದಲು ನೀರಿನ ಜೀವಿ, ಡಾರ್ವಿನ್ ಹೇಳಿದ್ದನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರು ಎಂದೆ. ಚಪ್ಪಾಳೆ ಬಿತ್ತು. ಈ ಮಾತಿಗೆ ಚಪ್ಪಾಳೆ ಬೀಳದ ಸಭೆಯನ್ನು ನಾನು ಇನ್ನೂ ಕಂಡಿಲ್ಲ. ಮನುವಿನ ಕಥೆಯನ್ನೂ ಸೇರಿಸಿದೆ. ಅಂಗೈಯ ನೀರಿಗೆ ಬಂದ ಪುಟ್ಟ ಮೀನನ್ನು ಅವನು ಗಡಿಗೆಯಲ್ಲಿಟ್ಟ, ಬೆಳೆದಂತೆಲ್ಲ ದೊಡ್ಡ ನೀರಿಗೆ ಸಾಗಿಸಿದ, ಕೊನೆಗೆ ಸಮುದ್ರಕ್ಕೆ ಬಿಟ್ಟ. ಆ ಕಥೆಯಲ್ಲಿ ತನ್ನನ್ನು ಎಲ್ಲಿಗೆ ಬಿಡಬೇಕೆಂದು ಹೇಳಿದವನು ಮನುವಲ್ಲ, ಮೀನು. ಅಂದು ಅದು ನನಗೆ ಹೊಳೆಯಲಿಲ್ಲ.

ಆಮೇಲೆ ಮೊಣಕಾಲುದ್ದ ನೀರಿಗಿಳಿದು ಚೀಲದ ಬಾಯಿ ಬಿಚ್ಚಿ ಸುರಿದೆವು. ಛಾಯಾಚಿತ್ರ ತೆಗೆಸಿಕೊಂಡೆವು. ಕಾಫಿಗೆ ಹೊರಟಾಗ ಬಂಡೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ನನ್ನನ್ನು ತಡೆದರು. ಹೊಳೆಯಲ್ಲಿ ಗಾಳ ಹಾಕುತ್ತಲೇ ಎಪ್ಪತ್ತು ದಾಟಿದವರು.

“ಮೇಷ್ಟ್ರೇ, ನೀವು ಬಿಟ್ಟದ್ದು ಯಾವ ಮೀನು?”

“ಮಹಶೀರ್ ಅಂತೆ ಅಜ್ಜ. ನಿಮ್ಮ ಬಿಳಿಮೀನೇ ತಾನೆ?”

“ಅಲ್ಲ. ಇದನ್ನು ಮುಂಚೆಯೂ ಬಿಟ್ಟಿದ್ದಾರೆ, ದೊಡ್ಡದಾದ ಮೇಲೂ ನೋಡಿದ್ದೇನೆ. ನಮ್ಮ ಹೊಳೆಯದಕ್ಕೆ ಬೆನ್ನಿನ ಮೇಲೆ ಡುಬ್ಬ ಇರ್ತಿತ್ತು. ರೆಕ್ಕೆ ಕಿತ್ತಳೆ ಹಣ್ಣಿನ ಹಾಗೆ. ಇದರದ್ದು ನೀಲಿ.”

“ಡುಬ್ಬದ್ದು ಈಗ ಎಲ್ಲಿದೆ?”

“ಓದಿದವರು ನೀವು. ನೀವೇ ಹೇಳಬೇಕು.”

ನನಗೆ ಹೇಳಲಾಗಲಿಲ್ಲ. ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಪ್ರಾಣಿಶಾಸ್ತ್ರ ಕಲಿಸುವ ಸಹೋದ್ಯೋಗಿಯೊಬ್ಬರನ್ನು ಕಾಡಿಸಿ, ಅವರು ಕೊಟ್ಟ ಲೇಖನಗಳನ್ನು ಅರ್ಥಕೋಶ ಪಕ್ಕದಲ್ಲಿಟ್ಟುಕೊಂಡು ಓದಿದೆ. ಓದಿದಷ್ಟೂ, ಅಂದು ನಾನು ಹಾಕಿಸಿಕೊಂಡ ಹಾರದ ಭಾರ ಹೆಚ್ಚುತ್ತ ಹೋಯಿತು.

ಮಡಿಕೇರಿಯ ಏಣಿನ ಮೇಲೆ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ರಸ್ತೆಯ ಬದಿಯಲ್ಲಿ ಧುಮುಕುವ ತೊರೆಗಳು ಪಯಸ್ವಿನಿಯಾಗಿ ಸುಳ್ಯ ಹಾಯ್ದು ಕಾಸರಗೋಡಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಮೂಡಣ ಮಗ್ಗುಲಿನ ತೊರೆಗಳು ಹಾರಂಗಿಗೂ ಕಾವೇರಿಗೂ ಇಳಿದು, ಮೈಸೂರು ಸೀಮೆ, ತಮಿಳುನಾಡು ದಾಟಿ ಬಂಗಾಳಕೊಲ್ಲಿಗೆ ಹೋಗುತ್ತವೆ. ನಮಗೆ ಇದು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಸಿಹಿನೀರಿನ ಮೀನಿಗೆ ಇದು ದಾಟಲಾರದ ಗೋಡೆ. ಬೆಟ್ಟವನ್ನು ಹತ್ತಿ ಇಳಿಯಲಾರದು, ಉಪ್ಪುನೀರಿನಲ್ಲಿ ಕನ್ಯಾಕುಮಾರಿಯನ್ನು ಸುತ್ತಿ ಬರಲಾರದು. ಹೀಗಾಗಿ ಏಣಿನ ಈಚೆಯ ಮಹಶೀರ್ ಬೇರೆ, ಆಚೆಯದು ಬೇರೆ ಆಯಿತು. ಪಶ್ಚಿಮಕ್ಕೆ ಹರಿಯುವ ಹೊಳೆಗಳ ಮೀನನ್ನು ಜೆರ್ಡನ್ ಎಂಬ ವೈದ್ಯ 1849ರಲ್ಲಿ ವರ್ಣಿಸಿ ಮಲಬಾರಿನ ಹೆಸರು ಕೊಟ್ಟ. ಅದಕ್ಕೂ ಹತ್ತು ವರ್ಷ ಮೊದಲು, 1839ರಲ್ಲಿ, ಕರ್ನಲ್ ಸೈಕ್ಸ್ ಪುಣೆಯ ಬಳಿಯ ಮುಳಾ-ಮುಠಾ ನದಿಯ ನೀಲಿರೆಕ್ಕೆಯ ಮಹಶೀರನ್ನು ವರ್ಣಿಸಿದ್ದ. ಆ ನೀರು ಭೀಮೆಗೆ ಸೇರಿ ಕೃಷ್ಣೆಗೆ ಹೋಗುವ ನೀರು. ಕಾವೇರಿ ಕೊಳ್ಳದ ಡುಬ್ಬದ ಮೀನು ಮೂರನೆಯದು, ಮೂವರಲ್ಲಿ ಅತಿ ದೊಡ್ಡದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡು ತೂಗಿತು. ತೂಕದ ಯಂತ್ರದ ಮುಂದೆ ನಿಂತು ಒಮ್ಮೆ ಯೋಚಿಸಿ: ನಮ್ಮಲ್ಲಿ ಅನೇಕರು ಅಷ್ಟು ತೂಗುವುದಿಲ್ಲ.

ಇಷ್ಟು ದೊಡ್ಡ ಮೀನಿಗೆ ಶಾಸ್ತ್ರೀಯವಾದ ಹೆಸರು ಮಾತ್ರ ಇರಲಿಲ್ಲ. ಜಗತ್ತಿನ ಗಾಳದವರೆಲ್ಲ ಅದನ್ನು ಹಿಡಿಯಲು ಕಾವೇರಿಗೆ ಬಂದರು, ಪುಸ್ತಕ ಬರೆದರು, ಚಿತ್ರ ತೆಗೆಸಿಕೊಂಡರು. ಅದು ಯಾವ ಪ್ರಭೇದವೆಂದು ಗೊತ್ತುಮಾಡುವ ಗೊಡವೆಗೆ ಮಾತ್ರ ಯಾರೂ ಸರಿಯಾಗಿ ಹೋಗಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಒಂದು ಮಹಶೀರಿಗೆ ರೆಮಾದೇವಿ ಎಂಬ ಪ್ರಾಣಿಶಾಸ್ತ್ರಜ್ಞೆಯ ಹೆಸರಿಟ್ಟು ವರ್ಣಿಸಲಾಯಿತು. ಪಾಂಬಾರ್ ಕೂಡ ಕಾವೇರಿಗೆ ಸೇರುವ ನೀರೇ. ಕಾವೇರಿಯ ಡುಬ್ಬದ ಮೀನೂ ಅದೂ ಒಂದೇ ಎಂದು 2018ರಲ್ಲಿ ತೀರ್ಮಾನವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದನ್ನು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿದರು. ನಾಮಕರಣದ ಮನೆಯಲ್ಲೇ ಉತ್ತರಕ್ರಿಯೆಯ ಸಿದ್ಧತೆ ನಡೆದಂತಾಯಿತು.

ಇದು ಹೇಗಾಯಿತು? ಡೈನಮೈಟು, ಮರಳು ತೆಗೆಯುವುದು, ಅಣೆಕಟ್ಟು, ಕಾಫಿ ಪಲ್ಪಿಂಗಿನ ಕೊಳೆನೀರು ಎಂದು ಪಟ್ಟಿ ಒಪ್ಪಿಸುವುದು ಸುಲಭ. ಪಟ್ಟಿಯಲ್ಲಿರುವುದೆಲ್ಲ ನಿಜವೇ. ಆದರೆ ಕಾವೇರಿಯ ಕೆಳಹರಿವಿನಲ್ಲಿ, ಗಾಲಿಬೋರೆಯ ಗಾಳದ ಶಿಬಿರದಲ್ಲಿ, 1998ರಿಂದ 2012ರವರೆಗೆ ಹಿಡಿದು ತೂಗಿ ಮತ್ತೆ ಹೊಳೆಗೇ ಬಿಟ್ಟ ಮಹಶೀರುಗಳ ಲೆಕ್ಕವಿದೆ; ಆರು ಸಾವಿರಕ್ಕೂ ಮಿಕ್ಕಿದ ಮೀನುಗಳ ಲೆಕ್ಕ. ಅದನ್ನು ಪರಿಶೀಲಿಸಿದ ವಿಜ್ಞಾನಿಗಳು ಕಂಡದ್ದೇನು? ಗಾಳಕ್ಕೆ ಬೀಳುವ ನೀಲಿರೆಕ್ಕೆಯವು ವರ್ಷದಿಂದ ವರ್ಷಕ್ಕೆ ಹೆಚ್ಚಿದವು. ಡುಬ್ಬದವು ಕಡಿಮೆಯಾದವು. ಕಡಿಮೆಯಾದವುಗಳ ಸರಾಸರಿ ತೂಕ ಮಾತ್ರ ಏರುತ್ತ ಹೋಯಿತು. ಗಾಳದವರು ಇದನ್ನು ಕಂಡು ಸಂತೋಷಪಟ್ಟಿರಬೇಕು. ಆದರೆ ಅದರ ಅರ್ಥ ಬೇರೆ. ಊರಿನ ಜನರ ಸರಾಸರಿ ವಯಸ್ಸು ವರ್ಷವರ್ಷಕ್ಕೂ ಏರುತ್ತಿದೆಯೆಂದರೆ ಆ ಊರಿನಲ್ಲಿ ತೊಟ್ಟಿಲು ಕಟ್ಟುತ್ತಿಲ್ಲವೆಂದು ತಿಳಿಯಬೇಕು. ಮುದಿ ಮೀನು ಉಳಿದಿದ್ದವು, ಮರಿಗಳಿರಲಿಲ್ಲ.

ಈಗ ಪಟ್ಟಿ ಒಪ್ಪಿಸುವವರನ್ನು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಡೈನಮೈಟು ಬೆನ್ನು ನೋಡಿ ಕೊಲ್ಲುತ್ತದೆಯೆ? ಮರಳಿನ ಲಾರಿ ರೆಕ್ಕೆಯ ಬಣ್ಣ ವಿಚಾರಿಸುತ್ತದೆಯೆ? ಒಂದೇ ಹೊಳೆ, ಒಂದೇ ಮಡು, ಒಂದೇ ಕಷ್ಟ. ಅದರಲ್ಲಿ ಒಂದು ಏರಿತು, ಇನ್ನೊಂದು ಇಳಿಯಿತು. ಏರಿದ್ದು ಕಾವೇರಿಯದಲ್ಲ. 1970ರ ದಶಕದಿಂದ ಲೋನಾವಳಾದ ಕೇಂದ್ರದಲ್ಲಿ ನೀಲಿರೆಕ್ಕೆಯ ಮಹಶೀರನ್ನು ಕೃತಕವಾಗಿ ಮರಿಮಾಡಿಸಿ ದೇಶದ ಉದ್ದಗಲಕ್ಕೂ ಹಂಚಲಾಯಿತು. ಕಾವೇರಿಗೂ ಬಂತು. ಕಳುಹಿಸಿದವರ ಉದ್ದೇಶ ಒಳ್ಳೆಯದು; ಮಹಶೀರ್ ಅಳಿಯುತ್ತಿದೆ, ಉಳಿಸೋಣ ಎಂದು. ಆ ನೀಲಿರೆಕ್ಕೆಯದು ಈಗ ಅಪಾಯದ ಪಟ್ಟಿಯಿಂದ ಹೊರಗೆ ಬಂದಿದೆ. ಅದನ್ನು ಉಳಿಸಲು ಆಶ್ರಯ ಕೊಟ್ಟ ಹೊಳೆಯ ಮೀನು ಪಟ್ಟಿಯ ತುದಿಗೆ ಹೋಗಿದೆ.

ಇದನ್ನು ಕೊಡಗಿನವರಿಗೆ ವಿವರಿಸಲು ಬೇರೆ ಉಪಮಾನ ಬೇಕಿಲ್ಲ. ನಮ್ಮ ಕಿತ್ತಳೆಯ ಗತಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ತೋಟಗಳಲ್ಲಿ ಅದು ಕ್ಷೀಣಿಸಿತು. ರಸ್ತೆಬದಿಯ ಬುಟ್ಟಿಗಳಲ್ಲಿ ನಾಗಪುರದ ಹಣ್ಣು ಕೊಡಗಿನ ಹೆಸರಿನಲ್ಲಿ ಮಾರಾಟವಾಗುತ್ತದೆ. ಪ್ರವಾಸಿಗಳು ತಿಂದು ‘ಆಹಾ, ಕೊಡಗಿನ ಕಿತ್ತಳೆ’ ಎನ್ನುತ್ತಾರೆ. ಹಣ್ಣಿನ ವಿಷಯದಲ್ಲಿ ನಮಗೆ ಬರುವ ಸಿಟ್ಟು ಮೀನಿನ ವಿಷಯದಲ್ಲಿ ಏಕೆ ಬರುವುದಿಲ್ಲ?

ಬರುವುದಿಲ್ಲ, ಏಕೆಂದರೆ ನಮ್ಮ ಮನಸ್ಸಿನಲ್ಲಿ ಮೀನೆಂದರೆ ಮೀನು. ಅದು ನೀರಿನಲ್ಲಿ ಇರುವ ವಸ್ತು. ಕಡಿಮೆಯಾದರೆ ತಂದು ತುಂಬಬಹುದು, ಟ್ಯಾಂಕಿಗೆ ನೀರು ತುಂಬುವ ಹಾಗೆ. ಇದರ ಹಿಂದೆ ಇನ್ನೂ ಒಂದು ತಪ್ಪು ಕಲ್ಪನೆಯಿದೆ: ಜೀವವಿಕಾಸವೆಂಬುದು ಎಂದೋ ನಡೆದು ಮುಗಿದ ಪುರಾಣ ಎಂಬುದು. ನಾನು ತರಗತಿಯಲ್ಲಿ ‘ಕರ್ವಾಲೊ’ ಪಾಠ ಮಾಡುತ್ತೇನೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವಲ್ಲಿಗೆ ಬಂದಾಗ ಹುಡುಗರ ಕಣ್ಣು ಅರಳುತ್ತದೆ. ಆದರೆ ವಿಕಾಸವೆಂಬುದು ಅಂಥ ಯಾವುದೋ ನಿಗೂಢ ಪ್ರಾಣಿಯಲ್ಲಿ, ಕೋಟಿ ವರ್ಷಗಳ ಆಚೆ ಇದೆಯೆಂದು ಅವರು ಗ್ರಹಿಸುತ್ತಾರೆ. ಕಾಲೇಜಿನ ಹಿಂದಿನ ಚರಂಡಿಯಲ್ಲಿ ಈ ಮಧ್ಯಾಹ್ನವೂ ಅದು ನಡೆದಿರಬಹುದೆಂದು ಅವರಿಗೆ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ.

ಚರಂಡಿಯೆಂದು ಸುಮ್ಮನೆ ಹೇಳಲಿಲ್ಲ. ಡೆಂಗೆ ಬಂದಾಗ ಆರೋಗ್ಯ ಇಲಾಖೆಯವರು ಸೊಳ್ಳೆಯ ಮರಿ ತಿನ್ನಲೆಂದು ತೊಟ್ಟಿ ಬಾವಿಗಳಿಗೆ ಬಿಡುವ ಗಪ್ಪಿ ಎಂಬ ಪುಟ್ಟ ಮೀನನ್ನು ಎಲ್ಲರೂ ನೋಡಿದ್ದೀರಿ. ಅದರ ತವರು ದಕ್ಷಿಣ ಅಮೆರಿಕೆಯ ಉತ್ತರದಂಚು ಮತ್ತು ಟ್ರಿನಿಡಾಡ್ ದ್ವೀಪ. ಆ ದ್ವೀಪದ ತೊರೆಗಳಲ್ಲಿ ಜಲಪಾತಗಳ ಕೆಳಗೆ ಗಪ್ಪಿಯನ್ನು ತಿನ್ನುವ ದೊಡ್ಡ ಮೀನುಗಳಿವೆ. ಜಲಪಾತದ ಮೇಲೆ ಅವು ಹತ್ತಿಬರಲಾರವು. 1976ರಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ, ಕೆಳಗಿನ ಅಪಾಯದ ನೀರಿನಿಂದ ಒಂದಷ್ಟು ಗಪ್ಪಿಗಳನ್ನು ಹಿಡಿದು, ಗಪ್ಪಿಯೇ ಇಲ್ಲದ, ಶತ್ರುಭಯ ಕಡಿಮೆಯಿದ್ದ ಮೇಲಿನ ತೊರೆಯೊಂದಕ್ಕೆ ಬಿಟ್ಟ. ಹನ್ನೊಂದು ವರ್ಷಗಳ ಮೇಲೆ ನೋಡಿದರೆ ಮೀನು ಬದಲಾಗಿತ್ತು. ನಾಳೆ ಬದುಕಿರುತ್ತೇವೋ ಇಲ್ಲವೋ ಎಂದು ಬೇಗ ಪ್ರಾಯಕ್ಕೆ ಬಂದು ಬಹಳ ಮರಿಹಾಕುತ್ತಿದ್ದ ವಂಶ, ನಿಧಾನವಾಗಿ ಬೆಳೆದು, ತಡವಾಗಿ ಪ್ರಾಯಕ್ಕೆ ಬಂದು, ಕಡಿಮೆ ಆದರೆ ದೊಡ್ಡ ಮರಿಗಳನ್ನು ಹಾಕತೊಡಗಿತ್ತು. ಅವನ್ನು ತಂದು ಪ್ರಯೋಗಶಾಲೆಯ ಒಂದೇ ಬಗೆಯ ತೊಟ್ಟಿಗಳಲ್ಲಿ ಸಾಕಿದರೂ ಮೊಮ್ಮಕ್ಕಳು ಅದೇ ಗುಣ ತೋರಿಸಿದವು. ಅಂದರೆ ರಕ್ತದಲ್ಲೇ ಇಳಿದ ಬದಲಾವಣೆ. ಡೇವಿಡ್ ರೆಜ಼್ನಿಕ್ ಮತ್ತು ಸಂಗಡಿಗರು ಇದನ್ನು 1990ರಲ್ಲಿ ಪ್ರಕಟಿಸಿದರು. ಹನ್ನೊಂದು ವರ್ಷವೆಂದರೆ ನಮ್ಮ ಮನೆಯ ಹುಡುಗ ಒಂದನೆಯ ತರಗತಿಯಿಂದ ಪಿ.ಯು.ಸಿ.ಗೆ ಬರುವಷ್ಟು ಕಾಲ.

ಕಥೆ ಇಲ್ಲಿಗೆ ನಿಂತಿದ್ದರೆ ನನ್ನ ವಾದಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ. ಆಮೇಲೆ ಕೃತಕ ತೊರೆಗಳನ್ನು ಕಟ್ಟಿ, ಕೆಲವದರಲ್ಲಿ ಕೆಳಗಿನ ಗಪ್ಪಿ, ಕೆಲವದರಲ್ಲಿ ಮೇಲಿನ ಗಪ್ಪಿ ಬಿಟ್ಟು ನೋಡಿದರು. ಕೆಳಗಿನವು ಹುಳುಹುಪ್ಪಟೆಯನ್ನು ಹೆಚ್ಚಾಗಿ ತಿಂದವು, ಮೇಲಿನವು ಪಾಚಿಯನ್ನು ಹೆಚ್ಚಾಗಿ ಮೆಲ್ಲಿದವು. ಒಂದು ತೊರೆಯ ಕಲ್ಲಿನ ಮೇಲೆ ಪಾಚಿ ಬೆಳೆಯಿತು, ಇನ್ನೊಂದರಲ್ಲಿ ಹುಳು ಹೆಚ್ಚಿತು. ನೀರಿನ ಸಾರವೇ ಬೇರೆಯಾಯಿತು. ನೆನಪಿಡಿ, ಎರಡೂ ಗಪ್ಪಿಯೇ. ಹೆಸರು ಒಂದೇ, ಪ್ರಭೇದ ಒಂದೇ; ಬೇರೆಯಾಗಿದ್ದದ್ದು ಅವು ಬಾಳಿ ಬಂದ ನೀರಿನ ಚರಿತ್ರೆ ಮಾತ್ರ. ಹೊಳೆ ಮೀನನ್ನು ತಿದ್ದುತ್ತದೆ, ತಿದ್ದಿಸಿಕೊಂಡ ಮೀನು ಹೊಳೆಯನ್ನು ತಿದ್ದುತ್ತದೆ. ಅತ್ತೆ ಸೊಸೆಯರ ಸಂಸಾರದಂತೆ ಇದು ಒಂದು ಕಡೆಯ ಮಾತಲ್ಲ. ಒಂದೇ ಪ್ರಭೇದದೊಳಗೆ ಇಷ್ಟು ಅಂತರವಿರುವಾಗ, ಭೀಮೆಯ ಪ್ರಭೇದವನ್ನು ಕಾವೇರಿಗೆ ಸುರಿದು ‘ಎರಡೂ ಮಹಶೀರೇ ಅಲ್ಲವೆ’ ಎನ್ನುವವರಿಗೆ ಏನು ಹೇಳೋಣ?

ಇನ್ನೊಂದು ದೃಷ್ಟಾಂತ ನನಗೆ ಬಹಳ ಇಷ್ಟವಾಯಿತು. ಜರ್ಮನಿ, ಸ್ವಿಟ್ಜರ್ಲೆಂಡು, ಆಸ್ಟ್ರಿಯಾಗಳ ನಡುವೆ ಕಾನ್‌ಸ್ಟನ್ಸ್ ಎಂಬ ಸರೋವರವಿದೆ. ಊರುಗಳ ಕೊಳಚೆ ಸೇರಿ 1960-70ರ ದಶಕಗಳಲ್ಲಿ ಅದರಲ್ಲಿ ವಿಷಕಾರಿ ನೀಲಿಹಸಿರು ಪಾಚಿ ಹಬ್ಬಿತು. ಆ ಸರೋವರದ ಪಾಚಿ ಮೇಯುವ ದನಗಳೆಂದರೆ ಕಣ್ಣಿಗೆ ಕಾಣುವುದೇ ಕಷ್ಟವಾದ ನೀರುಚಿಗಟಗಳು. ಅವುಗಳ ತತ್ತಿ ತಳದ ಕೆಸರಿನಲ್ಲಿ ಹೂತು ದಶಕಗಳ ಕಾಲ ಜೀವ ಹಿಡಿದಿರುತ್ತದೆ. ವಿಜ್ಞಾನಿಗಳು ಕೆಸರನ್ನು ಪದರಪದರವಾಗಿ ತೆಗೆದು, ಯಾವ ಪದರ ಯಾವ ವರ್ಷದ್ದೆಂದು ಲೆಕ್ಕ ಹಾಕಿ, ಹಳೆಯ ತತ್ತಿಗಳನ್ನೂ ಹೊಸ ತತ್ತಿಗಳನ್ನೂ ಒಡೆಸಿ ಮರಿಮಾಡಿಸಿದರು. ಅಜ್ಜಿಯನ್ನೂ ಮೊಮ್ಮಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ವಿಷದ ಊಟ ಬಡಿಸಿದ ಹಾಗೆ. ಪಾಚಿ ಹಬ್ಬುವ ಮೊದಲಿನವು ಆ ಊಟದಲ್ಲಿ ಸೊರಗಿದವು. ಪಾಚಿಯ ಕಾಲದ ನಂತರದವು ಅಷ್ಟು ಸೊರಗಲಿಲ್ಲ. ಸರೋವರ ಕೊಳೆತ ಒಂದೆರಡು ದಶಕಗಳಲ್ಲಿ ಚಿಗಟದ ವಂಶ ಆ ಕೊಳೆಗೆ ಒಗ್ಗಿತ್ತು. 1999ರಲ್ಲಿ ಈ ವಿಷಯ ಪ್ರಕಟವಾಯಿತು. ನೀರಿನ ತಳದ ಕೆಸರು ಒಂದು ಗ್ರಂಥಭಂಡಾರವಾದರೆ, ಯಂತ್ರ ಇಳಿಸಿ ಹೂಳೆತ್ತುವಾಗ ನಾವು ಯಾವ ಗ್ರಂಥವನ್ನು ಲಾರಿಗೆ ತುಂಬುತ್ತಿದ್ದೇವೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಅಣೆಕಟ್ಟಿನ ಮಾತನ್ನೂ ಬಿಡುವಂತಿಲ್ಲ. ಅಮೆರಿಕದ ಕನೆಕ್ಟಿಕಟ್ ಪ್ರಾಂತ್ಯದಲ್ಲಿ ವಲಸೆಗಾರರು ಮೊದಮೊದಲು ತೊರೆಗಳಿಗೆ ಕಟ್ಟೆ ಕಟ್ಟಿದಾಗ, ಸಮುದ್ರದಿಂದ ಮೊಟ್ಟೆಯಿಡಲು ಬರುತ್ತಿದ್ದ ಏಲ್‌ವೈಫ್ ಎಂಬ ಮೀನಿನ ಕೆಲವು ಗುಂಪುಗಳು ಕೆರೆಗಳಲ್ಲಿ ಸಿಕ್ಕಿಬಿದ್ದವು. ವರ್ಷವಿಡೀ ಅಲ್ಲೇ ಇದ್ದು ದೊಡ್ಡ ನೀರುಹುಳುಗಳನ್ನೆಲ್ಲ ತಿಂದು ಮುಗಿಸಿದವು. ಉಳಿದದ್ದು ಸಣ್ಣ ಹುಳು. ತಲೆಮಾರುಗಳು ಕಳೆದಂತೆ ಮೀನಿನ ಬಾಯಿಯೂ ಅದಕ್ಕೆ ತಕ್ಕಂತೆ ಕಿರಿದಾಯಿತು. ಇಷ್ಟಕ್ಕೆ ಬೇಕಾದ ಕಾಲ ಸುಮಾರು ಮುನ್ನೂರು ವರ್ಷ. ನಮ್ಮ ಕನ್ನಂಬಾಡಿಯ ಕೆಲಸ ಆರಂಭವಾದದ್ದು 1911ರಲ್ಲಿ. ಕಟ್ಟೆಯ ಕೆಳಗಿನ ಮೀನು ಕೊಡಗಿಗೆ ಹತ್ತಿಬರದೆ ನೂರು ವರ್ಷವಾಗುತ್ತ ಬಂತು. ಮೇಲಿನ ಹೊಳೆಯಲ್ಲಿ ಉಳಿದಿರುವ ಒಂದೊಂದು ಡುಬ್ಬದ ಮೀನೂ ಈ ಕಾರಣದಿಂದ ಬೆಲೆಯುಳ್ಳದ್ದು. ಕೆಳಗಿನಿಂದ ಅದಕ್ಕೆ ನೆಂಟರು ಬರುವುದಿಲ್ಲ. ಬರುವುದು ಚೀಲದಲ್ಲಿ ನಾವು ತರುವ ಅಪರಿಚಿತರು ಮಾತ್ರ.

ಈ ಅಪರಿಚಿತರಾದರೂ ಎಲ್ಲಿ ಬೆಳೆದವರು? ಸಿಮೆಂಟಿನ ತೊಟ್ಟಿಯಲ್ಲಿ, ಹೊತ್ತು ಹೊತ್ತಿಗೆ ಹಿಂಡಿ ತಿಂದು, ನೆರೆಯನ್ನೂ ನೀರುನಾಯಿಯನ್ನೂ ಕಾಣದೆ. ಹೊಳೆಯಲ್ಲಿ ಸಾಯಬೇಕಾದ ಮರಿ ಅಲ್ಲಿ ಬದುಕುತ್ತದೆ, ಹೊಳೆಯಲ್ಲಿ ಬದುಕಬಲ್ಲದ್ದು ಅಲ್ಲಿ ಸಾಯಬಹುದು. ತೊಟ್ಟಿಯೂ ಒಂದು ಹೊಳೆಯೇ. ಅದೂ ತನ್ನ ಮೀನನ್ನು ತಾನು ತಿದ್ದುತ್ತದೆ. ಅಮೆರಿಕದ ಓರೆಗಾನಿನ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಎಂಬ ಮೀನನ್ನು ಹೀಗೆ ತೊಟ್ಟಿಯಲ್ಲಿ ಬೆಳೆಸಿ ಬಿಟ್ಟವರು ಅವುಗಳ ಸಂತಾನದ ಲೆಕ್ಕ ಇಟ್ಟರು. ತೊಟ್ಟಿಯಲ್ಲಿ ಕಳೆದ ಒಂದೊಂದು ತಲೆಮಾರಿಗೂ ಹೊಳೆಯಲ್ಲಿ ಸಂತಾನ ಬೆಳೆಸುವ ಶಕ್ತಿ ನೂರಕ್ಕೆ ನಲವತ್ತರಷ್ಟು ಕುಸಿಯಿತೆಂದು 2007ರಲ್ಲಿ ಬರೆದರು. ಅದೂ ಸ್ವಂತ ನದಿಯ ಮೀನಿನಲ್ಲಿ.

ಇದನ್ನೆಲ್ಲ ನಾನು ಒಮ್ಮೆ ಮಿತ್ರರ ಕೂಟದಲ್ಲಿ ಹೇಳಿದಾಗ ಒಬ್ಬರು ನಕ್ಕು, “ನೀವೇ ವಿಕಾಸವಾದ ಹೇಳುತ್ತೀರಿ, ನೀವೇ ಅಳುತ್ತೀರಿ. ಬಲ್ಲಿದ ಬಾಳುತ್ತಾನೆ, ಬಡವ ಅಳಿಯುತ್ತಾನೆ. ಡುಬ್ಬದ್ದು ಸೋತಿತು, ಅಷ್ಟೆ. ಪ್ರಕೃತಿ ನ್ಯಾಯ” ಎಂದರು. ಈ ಮಾತು ಡಾರ್ವಿನ್ನನದೆಂದು ಬಹಳ ಜನ ತಿಳಿದಿದ್ದಾರೆ. ‘ಯೋಗ್ಯತಮನ ಉಳಿವು’ ಎಂಬ ನುಡಿಗಟ್ಟು ಹುಟ್ಟಿದ್ದು 1864ರಲ್ಲಿ, ಹರ್ಬರ್ಟ್ ಸ್ಪೆನ್ಸರನ ಲೇಖನಿಯಲ್ಲಿ. ಇರಲಿ. ಯೋಗ್ಯ ಎಂದರೆ ಯಾವುದಕ್ಕೆ ಯೋಗ್ಯ? ದಸರಾ ಕುಸ್ತಿಯಲ್ಲಿ ಒಬ್ಬ ಪೈಲ್ವಾನ ಒಂಟಿ. ಎದುರಾಳಿ ದಣಿದಾಗಲೆಲ್ಲ ಲಾರಿಯಲ್ಲಿ ಹೊಸ ಪೈಲ್ವಾನನನ್ನು ತಂದು ಕಣಕ್ಕೆ ಇಳಿಸುತ್ತಾರೆ. ಕೊನೆಗೆ ಒಂಟಿಯವನು ಬಿದ್ದ. ಇದನ್ನು ಕುಸ್ತಿಯೆಂದು ನನ್ನ ಮಿತ್ರರು ಒಪ್ಪುವುದಾದರೆ ನಾನೂ ಪ್ರಕೃತಿ ನ್ಯಾಯವನ್ನು ಒಪ್ಪುತ್ತೇನೆ. ವರ್ಷ ವರ್ಷ ಸಾವಿರಗಟ್ಟಲೆ ಮರಿ ಸುರಿಯುವ ಕೈ ಪ್ರಕೃತಿಯದಲ್ಲ. ಒಮ್ಮೆ ಅದು ನನ್ನದೇ ಆಗಿತ್ತು.

ಇನ್ನೊಬ್ಬರು ಕೇಳಿದರು: “ಹಾಗಾದರೆ ಬಡ ಮೀನುಗಾರರು ಏನು ತಿನ್ನಬೇಕು?” ಪ್ರಶ್ನೆ ನ್ಯಾಯವಾದದ್ದು. ಕಾಟ್ಲಾ, ರೋಹು ಗಂಗೆಯ ಮೀನು. ಕೆರೆಗಳಲ್ಲಿ ಬೆಳೆಸುತ್ತಾರೆ, ಸಂತೆಯಿಂದ ನಮ್ಮ ಮನೆಗೂ ಬರುತ್ತದೆ, ತಿನ್ನುತ್ತೇನೆ. ಕಟ್ಟಿದ ಕೆರೆಯಲ್ಲಿ ಬಿತ್ತಿ ಬೆಳೆಯುವುದು ಗದ್ದೆಯ ಬೇಸಾಯದಂತೆ, ಅದರ ಮೇಲೆ ನನಗೆ ಜಗಳವಿಲ್ಲ. ಕೆರೆ ಕೋಡಿಬಿದ್ದು ಹೊಳೆಗೆ ಹೋಗದಂತೆ ಎಚ್ಚರವಿದ್ದರೆ ಸಾಕು. ಆದರೆ ಗದ್ದೆ ಗದ್ದೆಯೇ, ದೇವರಕಾಡು ದೇವರಕಾಡೇ. ದೇವರಕಾಡಿನಲ್ಲಿ ಮರ ಕಡಿಮೆಯಾಯಿತೆಂದು ಸಿಲ್ವರ್ ಓಕ್ ನೆಟ್ಟು ಫೋಟೋ ತೆಗೆಸಿಕೊಂಡವನನ್ನು ಊರಿನವರು ಏನೆನ್ನುತ್ತಾರೆ? 1952ರಲ್ಲಿ ಅಗ್ಗದ ಆಹಾರವೆಂದು ಆಫ್ರಿಕದ ತಿಲಾಪಿಯಾವನ್ನು ನಮ್ಮ ದೇಶಕ್ಕೆ ತಂದರು. ಜಿಲೇಬಿ ಎಂಬ ಮುದ್ದಿನ ಹೆಸರಿನಲ್ಲಿ ಅದು ಈಗ ಕಾವೇರಿಯುದ್ದಕ್ಕೂ ಇದೆ. ತಂದವರು ಅದನ್ನು ಮರಳಿ ಕಳುಹಿಸುವ ಉಪಾಯವನ್ನು ಮಾತ್ರ ತಂದಿರಲಿಲ್ಲ.

ಮೂರನೆಯ ಒಂದು ಮಾತಿಗೆ ನಾನೇ ಮೊದಲು ಅಡ್ಡ ಬರುತ್ತೇನ. ಮೀನಿನ ವಿಷಯದಲ್ಲಿ ‘ಹೊರಗಿನದು, ಒಳಗಿನದು’ ಎಂದೊಡನೆ ಕೆಲವರಿಗೆ ಮನುಷ್ಯರ ನೆನಪು ಬಂದು ಉತ್ಸಾಹ ಏರುತ್ತದೆ. ಆ ಚಪಲ ಬೇಡ. ನಾನೇ ಬಯಲುಸೀಮೆಯಿಂದ ಉದ್ಯೋಗ ಹುಡುಕಿಕೊಂಡು ಮಡಿಕೇರಿಯ ಚಳಿಗೆ ಬಂದವನು. ಮನುಷ್ಯರೆಲ್ಲ ಒಂದೇ ಪ್ರಭೇದ. ಕಲಿತು, ಮಾತನಾಡಿ, ಸಂಬಂಧ ಬೆಳೆಸಿ ಒಂದೂರಿನವರಾಗುತ್ತಾರೆ. ನಾನು ಬರೆಯುತ್ತಿರುವುದು ಮೀನಿನ ಮಾತು.

2018ರ ಆಗಸ್ಟಿನಲ್ಲಿ ನಮ್ಮ ಬೆಟ್ಟಗಳು ಕುಸಿದವು. ಮನೆ ಕಳೆದುಕೊಂಡವರ, ಮಕ್ಕಳನ್ನು ಕಳೆದುಕೊಂಡವರ ದುಃಖದ ಮುಂದೆ ಮೀನಿನ ಮಾತೆತ್ತುವುದು ಅಂದು ಯಾರಿಗೂ ಸಾಧ್ಯವಿರಲಿಲ್ಲ. ಹಟ್ಟಿಹೊಳೆಯ ಕಡೆಯ ಕೆಮ್ಮಣ್ಣೆಲ್ಲ ಹಾರಂಗಿ ಜಲಾಶಯಕ್ಕೆ ಇಳಿಯಿತು. ಮಹಶೀರ್ ಮಳೆಗಾಲದ ನೆರೆಗೆ ಹೊಳೆ ಹತ್ತಿ, ಬೆಣಚುಗಲ್ಲಿನ ಹಾಸಿನ ಮೇಲೆ ತತ್ತಿಯಿಡುವ ಮೀನು. ಕಲ್ಲಿನ ಸಂದಿಯಲ್ಲಿ ಗಾಳಿಯಾಡುವ ನೀರಿದ್ದರೆ ತತ್ತಿ ಒಡೆಯುತ್ತದೆ. ಕೆಸರು ಮುಚ್ಚಿದರೆ ಉಸಿರುಕಟ್ಟಿ ಸಾಯುತ್ತದೆ. ಕುಸಿದ ಮೇಲೆ ಕೆಲವು ಕಡೆ ಹೊಳೆಯನ್ನು ನೇರಮಾಡಿದರು, ಕಲ್ಲುಹಾಸನ್ನು ಬಾಚಿ ದಡಕ್ಕೆ ಏರಿಸಿದರು. ಆಮೇಲೆ ಮೀನು ಕಡಿಮೆಯಾಯಿತೆಂದು ಮರಿ ಬಿಡುವ ಸಮಾರಂಭ! ತೊಟ್ಟಿಲು ಮುರಿದು ಹಾಕಿ, ಬೇರೆ ಮನೆಯ ಮಗುವನ್ನು ತಂದು ನೆಲದ ಮೇಲೆ ಮಲಗಿಸಿ, ವಂಶ ಉಳಿಸಿದೆವೆಂದು ಪೇಡೆ ಹಂಚಿದಂತೆ.

ರಾಮನಾಥಪುರದಲ್ಲಿ ಇದೇ ಕಾವೇರಿಯ ದಡದ ಸೋಪಾನದ ಮೇಲೆ ನಿಂತು ನೋಡಿ. ದೇವರ ಮೀನೆಂದು ಅಲ್ಲಿ ಯಾರೂ ಹಿಡಿಯುವುದಿಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ಇದೇ ಕಟ್ಟಳೆ. ನಮ್ಮ ಪೂರ್ವಿಕರು ಡಾರ್ವಿನ್ನನನ್ನು ಕಂಡಿದ್ದರೆಂಬ ನನ್ನ ಅಂದಿನ ಮಾತನ್ನು ಇಂದು ಪೂರ್ತಿ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಅವರಿಗೆ ಒಂದು ಗೊತ್ತಿತ್ತು: ಹೊಳೆಯ ಒಂದು ತುಂಡನ್ನು ಮುಟ್ಟದೆ ಬಿಡುವುದು. ಅವರು ಮೀನು ತಂದು ಬಿಡಲಿಲ್ಲ, ಇದ್ದ ಮೀನನ್ನು ಇರಗೊಟ್ಟರು. ಅದಕ್ಕೆ ಶಾಮಿಯಾನ ಬೇಕಿಲ್ಲ, ಮುಖ್ಯ ಅತಿಥಿ ಬೇಕಿಲ್ಲ. ಆದ್ದರಿಂದಲೇ ನಮ್ಮ ಕಾಲಕ್ಕೆ ಅದು ರುಚಿಸುವುದಿಲ್ಲ. ಮೊಯಾರ್ ಹೊಳೆಯಲ್ಲಿ ಡುಬ್ಬದ ಮೀನು ಇನ್ನೂ ಇದೆ. ಕೊಡಗಿನ ಮೇಲುಹೊಳೆಗಳ ಆಳದ ಮಡುಗಳಲ್ಲಿ ಇದೆಯೇ ಎಂದು ಮೊದಲು ಹುಡುಕಲಿ. ಹುಡುಕಿ ಮುಗಿಯುವವರೆಗೆ ತಲಕಾವೇರಿಯಿಂದ ಕುಶಾಲನಗರದವರೆಗೆ ಯಾವ ಮರಿಯನ್ನೂ, ಯಾವ ಇಲಾಖೆಯಾಗಲಿ ಸಂಘವಾಗಲಿ, ಯಾವ ಸದುದ್ದೇಶದಿಂದಲೂ ಹೊಳೆಗೆ ಬಿಡಕೂಡದು. ಆ ಹಣದಲ್ಲಿ ಕಲ್ಲುಹಾಸು ಕಾಯಲಿ, ಪಲ್ಪಿಂಗಿನ ನೀರು ಹೊಳೆಗೆ ಬೀಳದಂತೆ ನೋಡಲಿ, ಡೈನಮೈಟಿನವರನ್ನು ಹಿಡಿಯಲಿ. ಬಂಡೆಯ ಮೇಲೆ ಕುಳಿತಿದ್ದ ಆ ಅಜ್ಜನಂಥವರನ್ನು ಸಂಬಳ ಕೊಟ್ಟು ಕಾವಲಿಗೆ ಇಟ್ಟುಕೊಳ್ಳಲಿ; ಬೆನ್ನು ನೋಡಿ ಗುರುತು ಹಿಡಿಯಬಲ್ಲವರು ಅವರೇ.

ಕಳೆದ ವಾರ ಮತ್ತೊಂದು ಆಮಂತ್ರಣ ಬಂದಿದೆ. ಅದೇ ದಡ, ಅದೇ ಹೊತ್ತು. ಮರಿಗಳ ಸಂಖ್ಯೆ ಮೊದಲಿಗಿಂತ ದುಪ್ಪಟ್ಟು, ಮುಖ್ಯ ಅತಿಥಿಯ ಸ್ಥಾನದಲ್ಲಿ ನನ್ನ ಹೆಸರನ್ನು ಕೇಳದೆಯೇ ಅಚ್ಚುಹಾಕಿಸಿದ್ದಾರೆ. ಕಾರ್ಯದರ್ಶಿಗಳಿಗೆ ಕಾಗದ ಬರೆದಿದ್ದೇನೆ. ತಾಯಿಮೀನು ಯಾವ ಹೊಳೆಯದು, ಅದರ ಬೆನ್ನು ಹೇಗಿದೆ ಎಂದು ಎರಡೇ ಪ್ರಶ್ನೆ ಕೇಳಿದ್ದೇನೆ. ಉತ್ತರ ಬಂದರೆ ಈ ಪುರವಣಿಗೇ ಕಳುಹಿಸಿಕೊಡುತ್ತೇನೆ.